ಅಮ್ಮನ ಊರಿನ ಹೊತ್ತು

ತ್ಲೆಮ್ಸೆನ್,
ರಂಜಾನ್ ತಿಂಗಳ ಇಪ್ಪತ್ತೆರಡು, ಮಧ್ಯಾಹ್ನ

ನನ್ನ ಮುದ್ದು ವಾಸಿಲಾ,

ಹೇಗಿದ್ದೀಯಮ್ಮ? ರಾತ್ರಿ ಪಾಳಿ ಮುಗಿದ ಮೇಲೆ ಸರಿಯಾಗಿ ಮಲಗುತ್ತಿದ್ದೀಯಾ? ಮೊನ್ನೆ ಫೋನಿನಲ್ಲಿ ನಿನ್ನ ಮುಖ ಹಿಂಡಿಟ್ಟ ನಿಂಬೆಹಣ್ಣಿನ ಹಾಗೆ ಕಂಡಿತು. ನರ್ಸುಗಳಿಗೆ ಊರವರ ನಾಡಿಯೆಲ್ಲ ಗೊತ್ತು, ತಮ್ಮ ನಾಡಿಯೊಂದು ಬಿಟ್ಟು. ಆಲ್ಜಿಯರ್ಸ್‌ನ ನಿನ್ನ ಆಸ್ಪತ್ರೆಯ ಹರೀರಾ ಸಾರು ಕೈ ತೊಳೆದ ನೀರಿನಂತಿರುತ್ತದೆ ಎಂದಿದ್ದೆಯಲ್ಲ, ನಿನ್ನ ಅಮ್ಮ ಮಸಾಲೆ ಕುಟ್ಟಿ ಡಬ್ಬಿಗೆ ತುಂಬಿದ್ದಾಳೆ, ಈ ಪತ್ರದ ಜೊತೆಗೇ ಬರುತ್ತದೆ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಗಂಡ ಮರುಭೂಮಿಯ ಗ್ಯಾಸ್ ಬಾವಿಗಳ ಕಡೆಯಿಂದ ಶುಕ್ರವಾರ ಫೋನ್ ಮಾಡಿದ್ದ, ಹಬ್ಬಕ್ಕೆ ರಜೆ ಸಿಕ್ಕರೂ ಸಿಕ್ಕೀತು ಎಂದ. ನಿನ್ನ ಮಗಳು ಶಹಿನಾಜ್‌ಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಬಿದ್ದ ಹಲ್ಲನ್ನು ಸೂರ್ಯನ ಕಡೆಗೆ ಎಸೆಯಬೇಕೆಂದರೆ ಕೇಳದೆ ಒಂದನ್ನು ನಿನಗೆ ತೋರಿಸಲೆಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ.

ದಿನಾ ಫೋನಿನಲ್ಲಿ ಮುಖ ನೋಡುವ ಅಪ್ಪ ಪತ್ರವನ್ನೇಕೆ ಬರೆದ ಎಂದು ನಿನಗೆ ಅನಿಸಿರಬೇಕು. ಫೋನ್ ಬರುವುದು ನೀನು ಕಳಿಸಿದ ಟ್ಯಾಬಿಗೆ, ಟ್ಯಾಬ್ ಇರುವುದು ನಿನ್ನ ಮಗಳ ಮಡಿಲಲ್ಲಿ. ಅವಳೆದುರಿಗೆ ಹೇಳುವ ಮಾತಲ್ಲ ಇದು. ಇನ್ನೊಂದು ಕಾರಣ, ನಿನ್ನ ದನಿ ಕೇಳಿದ ಕೂಡಲೇ ನಾನು ಹವಾಮಾನದ ಮಾತಿಗೆ ಜಾರಿಬಿಡುತ್ತೇನೆ. ಈ ಏಳು ದಿನವೂ ಹಾಗೇ ಜಾರಿದ್ದೇನೆ.

ಟ್ಯಾಬ್ ಕಳಿಸಿದಾಗ ನೀನು ಹೇಳಿದ್ದು ನೆನಪಿದೆ. “ಅಪ್ಪಾ, ಹೊಡೆದಾಟದ ಆಟ ಬೇಡ, ಜಾಹೀರಾತು ಬರೋದು ಬೇಡ, ಕಲಿಯೋ ಅಂಥವು ನಾಲ್ಕು ಆರಿಸಿ ಹಾಕಿ ಸಾಕು.” ಆರಿಸುವ ಕೆಲಸ ನನಗೆ ಹೊಸದೇ? ನಲವತ್ತು ವರ್ಷ ಕಂಬಳಿ ನೇಯ್ದವನು, ಉಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ ಅದರ ಕುರಿ ಯಾವ ಬೆಟ್ಟದ್ದೆಂದು ಹೇಳುತ್ತಿದ್ದವನು. ಆದರೆ ಗಾಜನ್ನು ಏನೆಂದು ಉಜ್ಜುವುದು ಮಗಳೇ? ಉಜ್ಜಿದರೆ ಇನ್ನೊಂದು ಆಟ ತೆರೆದುಕೊಳ್ಳುತ್ತದೆ. ನಾನೂ ಅವಳೂ ಅಂಗಳದಲ್ಲಿ ಚಾಪೆ ಹಾಸಿಕೊಂಡು ಸಂತೆಗೆ ಹೋದವರ ಹಾಗೆ ಒಂದೊಂದೇ ನೋಡಿದೆವು. ಕೋಳಿ ಸಾಕುವ ಆಟ ಪುಕ್ಕಟೆ ಎಂದಿತ್ತು, ಮೊಟ್ಟೆ ಮುಟ್ಟಿದ ಕೂಡಲೇ ಡಾಲರ್ ಕೇಳಿತು. ಲೆಕ್ಕ ಕಲಿಸುವ ಆಪಿನಲ್ಲಿ ಒಬ್ಬ ಹೆಂಗಸು ತಪ್ಪಾದಾಗಲೆಲ್ಲ ಗದರುತ್ತಿದ್ದಳು. “ತಾತಾ, ಇವಳು ನಮ್ಮ ಟೀಚರ್‌ಗಿಂತ ಕೆಟ್ಟವಳು, ತೆಗೀರಿ” ಎಂದಳು ಶಹಿನಾಜ್, ತೆಗೆದೆ. ಕುದುರೆಗೆ ಬಾಚಣಿಗೆ ಹಾಕುವ ಆಟ ಉಳಿಯಿತು, ಕೇಕ್ ಬೇಯಿಸುವುದು ಉಳಿಯಿತು. ಬಣ್ಣದ ಇಟ್ಟಿಗೆ ಜೋಡಿಸುವುದೊಂದು ನನಗಾಗಿಯೇ ಉಳಿಯಿತು, ಅದನ್ನು ನಿನಗೆ ಹೇಳಿರಲಿಲ್ಲ. “ಮೊಮ್ಮಗಳಿಗೆ ಆಟ ಆರಿಸೋಕೆ ಹೋಗಿ ಮುದುಕನೇ ಆಟಕ್ಕೆ ಬಿದ್ದ” ಎಂದು ನಿನ್ನ ಅಮ್ಮ, ನನ್ನ ಮನ್ಸೂರಿಯಾ, ಬೀದಿಗೆಲ್ಲ ಸಾರಿದಳು.

ರಂಜಾನ್ ಹತ್ತಿರ ಬಂದಾಗ ಅವಳು ಇನ್ನೊಂದು ಆಪ್ ಹುಡುಕಿದಳು. ಅದು ಹೊತ್ತು ಹೊತ್ತಿಗೆ ಬಾಂಗ್ ಕೂಗುತ್ತದೆ. ಅದರಲ್ಲೊಂದು ಮಿನಾರಿನ ಚಿತ್ರ, ಉಪವಾಸ ಮಾಡಿದ ದಿನಕ್ಕೊಂದು ದೀಪ ಹೊತ್ತಿಕೊಳ್ಳುತ್ತದೆ. ಇದು ಆಟವಲ್ಲ, ಪುಣ್ಯದ ವಸ್ತು ಎಂದು ನಾನು ಎರಡು ಮಾತಾಡದೆ ಹಾಕಿಸಿದೆ. ಹಾಕಿದ ಕೂಡಲೇ ಅದು ಕೇಳಿತು, ನೀವು ಎಲ್ಲಿದ್ದೀರಿ ಎಂದು ತಿಳಿಯಬಹುದೇ? ನಾನು ‘ಬೇಡ’ ಒತ್ತಿದೆ. ದೇಶವೆಲ್ಲ ಕೊಲೆಗಳು ನಡೆಯುತ್ತಿದ್ದ ಆ ಕೆಟ್ಟ ವರ್ಷಗಳಲ್ಲಿ ನೀನಿನ್ನೂ ಚಿಕ್ಕವಳು. ದಾರಿಯಲ್ಲಿ ಯಾರು ತಡೆದು ಕೇಳಿದರೂ ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಎಂದು ನೆಟ್ಟಗೆ ಹೇಳಿದವನು ಮನೆಗೆ ಮರಳುತ್ತಿರಲಿಲ್ಲ. ಕಂಬಳಿ ಹೊತ್ತು ಒರಾನ್‌ಗೆ ಹೊರಟಾಗ ನಿನ್ನ ಅಮ್ಮನಿಗೂ ದಾರಿ ಹೇಳುತ್ತಿರಲಿಲ್ಲ. ಆ ಅಭ್ಯಾಸ ಇನ್ನೂ ನನ್ನ ಬೆರಳಲ್ಲಿದೆ. ‘ಬೇಡ’ ಎಂದಾಗ ಆಪ್ ಊರುಗಳ ಪಟ್ಟಿ ಮುಂದಿಟ್ಟು, ಹಾಗಾದರೆ ನೀವೇ ಆರಿಸಿ ಎಂದಿತು. ನಿನ್ನ ಮಗಳು ನನ್ನ ಕೈ ಹಿಡಿದಳು. “ತಾತಾ, ಆಲ್ಜಿಯರ್ಸ್ ಹಾಕಿ. ಅಮ್ಮ ತಿನ್ನೋ ಹೊತ್ತಿಗೇ ನಾನೂ ತಿಂತೀನಿ.” ಹಾಕಿದೆ. ಅಲ್ಲಿ ಸೂರ್ಯ ನಮಗಿಂತ ಕಾಲು ಗಂಟೆ ಮೊದಲೇ ಮುಳುಗುತ್ತಾನೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಏಳು ವರ್ಷದ ಮಗು, ಉಪವಾಸವಿಲ್ಲ, ಆಟದ ಸಾಮಾನು, ಇರಲಿ ಬಿಡು ಎಂದುಕೊಂಡೆ.

ಆಮೇಲೆ ಹದಿನೈದನೆಯ ದಿನ ಅವಳ ಮೊದಲ ಉಪವಾಸ ಬಂತು. ಅಂದು ಅವಳನ್ನು ಮದುವಣಗಿತ್ತಿಯಂತೆ ಜರಿಯ ಉಡುಪಿನಲ್ಲಿ, ಮುತ್ತಿನ ಸರದಲ್ಲಿ ನೋಡಿ ನೀನು ಫೋನಿನಲ್ಲಿ ಅತ್ತೆಯಲ್ಲ, ನೀನು ಕಾಣದ್ದನ್ನು ಈಗ ಹೇಳುತ್ತೇನೆ. ನಮ್ಮ ಪದ್ಧತಿಯಂತೆ ಅವಳನ್ನು ತಾರಸಿಯ ಮೆಟ್ಟಿಲ ಮೇಲ್ತುದಿಗೆ ಹತ್ತಿಸಿ ಕೂರಿಸಿದ್ದೆವು, ಬಾಳು ಮೇಲೇರಲಿ ಎಂದು. ನಿನ್ನ ಮೊದಲ ಉಪವಾಸಕ್ಕೆ ಹಾಕಿದ್ದ ಅದೇ ಬೆಳ್ಳಿಯ ಉಂಗುರ, ಶುಭಕ್ಕೆಂದು, ಶರಬತ್ತಿನ ಲೋಟದಲ್ಲಿ ಮುಳುಗಿತ್ತು. ಹೆಂಗಸರೆಲ್ಲ ಕೆಳಗೆ ಒಲೆಯ ಮುಂದೆ. ಕಾವಲಿಗೆ ನಾನು. ಹೊರಗೆ ಮೋಡ ಕವಿದು ಹೊತ್ತು ಎಷ್ಟೆಂದೇ ತಿಳಿಯುತ್ತಿರಲಿಲ್ಲ. ಮಗು ಬಾಡಿ ಹೋಗಿತ್ತು. “ಆಯ್ತಾ ತಾತಾ? ಈಗ ಆಯ್ತಾ?” ಎಂದು ಕೇಳಿ ಕೇಳಿ ಸುಮ್ಮನಾಗಿ ನನ್ನ ತೊಡೆಗೆ ಒರಗಿತು. ಆ ಗಳಿಗೆಯಲ್ಲಿ ನಾನು ತೂಕಡಿಸಿದೆ. ಟ್ಯಾಬ್ ಬಾಂಗ್ ಕೂಗಿತು. “ತಾತಾ, ಏಳಿ, ಅಮ್ಮ ತಿಂತಿದ್ದಾಳೆ!” ನಾನು ಬೆಚ್ಚಿ ಎದ್ದು, ದೇವರ ಹೆಸರು ಹೇಳಿ, ಲೋಟ ಅವಳ ತುಟಿಗಿಟ್ಟೆ. ನನ್ನ ಬಾಯಿಗೊಂದು ಖರ್ಜೂರವನ್ನೂ ಹಾಕಿಕೊಂಡೆ.

ನಿನ್ನ ಅಮ್ಮ ಸಾರಿನ ಸೌಟು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದಳು. “ಏನ್ರೀ ಮಾಡಿದ್ರಿ! ಇನ್ನೂ ಹೊತ್ತಿದೆಯಲ್ರೀ!” ಮಗು ಉಂಗುರವನ್ನು ಹಲ್ಲಿಲ್ಲದ ಸಂದಿಯಲ್ಲಿ ಸಿಕ್ಕಿಸಿಕೊಂಡು ನನ್ನ ಮುಖ ಒಮ್ಮೆ, ಅಜ್ಜಿಯ ಮುಖ ಒಮ್ಮೆ ನೋಡಿತು. ದಿನವೆಲ್ಲ ನೀರು ಮುಟ್ಟದ ಮಗು. ಆಗ ನನ್ನ ಬಾಯಿಗೆ ಬಂದದ್ದು ಇದು: “ಹೊತ್ತಾಗಿದೆ ಕಣೇ. ಬಾಂಗ್ ಕೂಗೋ ನಮ್ಮ ಹಾಜಿ ಲಖ್ದರ್‌ಗೆ ವಯಸ್ಸಾಯ್ತು, ಮಸೀದೀಲಿ ನಿದ್ದೆ ಹೋಗಿರಬೇಕು. ಟ್ಯಾಬ್ ಸರಿಯಾಗೇ ಕೂಗಿದೆ.” ಮನ್ಸೂರಿಯಾ ಮಗುವಿನ ಮುಖ ನೋಡಿ ಮಾತು ನುಂಗಿಕೊಂಡಳು. ಕಾಲು ಗಂಟೆಯ ಮೇಲೆ ಹಾಜಿಯ ಬಾಂಗ್ ಕೇಳಿದಾಗ ಶಹಿನಾಜ್ ಚಪ್ಪಾಳೆ ತಟ್ಟಿ ನಕ್ಕಳು. “ಈಗ ಎದ್ರು ಹಾಜಿ ತಾತ!”

ಸುಳ್ಳು ಮನೆಯಲ್ಲೇ ಇದ್ದಿದ್ದರೆ ಹೇಗೋ ಆಗುತ್ತಿತ್ತು. ನಿನ್ನ ಮಗಳ ಬಾಯಿ ನಿನಗೆ ಗೊತ್ತು. ರೊಟ್ಟಿ ಅಂಗಡಿಯಲ್ಲಿ ಹೇಳಿದಳು, ಶಾಲೆಯಲ್ಲಿ ಹೇಳಿದಳು. ಮಾರನೆಯ ಸಂಜೆ ಮಕ್ಕಳ ದಂಡು ಟ್ಯಾಬ್ ಹಿಡಿದುಕೊಂಡು ಮಸೀದಿಯ ಬಾಗಿಲಿಗೆ ಹೋಯಿತು. ಟ್ಯಾಬ್ ಕೂಗಿದ ಕೂಡಲೇ ಎಲ್ಲರೂ ಒಟ್ಟಿಗೆ, “ಹಾಜಿ ತಾತಾ, ಎದ್ದೇಳಿ! ಹಾಜಿ ತಾತಾ, ಎದ್ದೇಳಿ!” ಮೂರು ಸಂಜೆ ಇದೇ ನಡೆಯಿತು. ನಾನು ಕಿಟಕಿ ಮುಚ್ಚಿಕೊಂಡು ಕೂತೆ.

ನಾಲ್ಕನೆಯ ದಿನ ಹಾಜಿಯೇ ಮನೆಗೆ ಬಂದ. ಲಖ್ದರ್ ಹೆಂಡತಿ ಸತ್ತ ಮೇಲೆ ಆ ಬಾಂಗ್ ಒಂದಕ್ಕೇ ಬದುಕಿರುವವನು, ನನ್ನ ಜೊತೆ ಒಂದೇ ಮಗ್ಗದ ಮನೆಯಲ್ಲಿ ಬೆಳೆದವನು. ಜೇಬಿನಿಂದ ಹೊತ್ತಿನ ಪಟ್ಟಿ ತೆಗೆದ, ಕೈಗಡಿಯಾರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. “ಜಲ್ಲೂಲ್, ನಿಜ ಹೇಳೋ. ನಂಗೆ ಕಿವಿ ಮಂದ ಆಗಿದೆ, ಕಣ್ಣೂ ಮೋಸ ಮಾಡ್ತಿದೆಯಾ? ನಾನು ತಡ ಮಾಡ್ತಿದ್ದೀನಾ? ಮಕ್ಕಳು ಸುಳ್ಳು ಹೇಳಲ್ಲ.” ಒಳಗೆ ಶಹಿನಾಜ್ ಕುದುರೆ ಬಾಚುತ್ತಿದ್ದಳು. ನಾನು ಗಡಿಯಾರವನ್ನು ತಿರುಗಿಸಿ ನೋಡಿ, ಕಿವಿಗಿಟ್ಟು ಕೇಳಿ, ಏನೂ ಹೇಳದೆ ಹಿಂದಕ್ಕೆ ಕೊಟ್ಟೆ. ಬೈದಿದ್ದರೂ ಅವನಿಗೆ ಅಷ್ಟು ನಾಟುತ್ತಿರಲಿಲ್ಲ. ಅಂದು ಸಂಜೆ ಅವನು ತನ್ನ ಮೇಲೆ ತನಗೇ ನಂಬಿಕೆ ಇಲ್ಲದೆ ಬಾಂಗನ್ನು ಐದು ನಿಮಿಷ ಮೊದಲೇ ಕೂಗಿಬಿಟ್ಟ. ಇಡೀ ಕೇರಿ ಬಾಯಿಗೆ ತುತ್ತಿಟ್ಟಾಗ ಟಿವಿಯಲ್ಲಿ ಇನ್ನೂ ಹೊತ್ತಾಗಿರಲಿಲ್ಲ.

ಮರುದಿನ ಮೂರನೆಯ ಹೊತ್ತಿನ ನಮಾಜ್ ಆದ ಮೇಲೆ ಮಸೀದಿಯ ಅಂಗಳದಲ್ಲಿ ಹಿರಿಯರು ಸೇರಿದರು. ಹಾಜಿಗೆ ವಿಶ್ರಾಂತಿ ಕೊಡೋಣ, ಇನ್ನು ಮೇಲೆ ರೇಡಿಯೋದ ಬಾಂಗನ್ನೇ ಮೈಕಿಗೆ ಹಚ್ಚೋಣ ಎಂಬ ಮಾತು ಬಂತು. ಹಾಜಿ ಕಂಬಕ್ಕೆ ಆನಿಕೊಂಡು ತನ್ನ ಚಪ್ಪಲಿ ನೋಡುತ್ತ ಕೂತಿದ್ದ. ಆಗ ನಾನು ಎದ್ದೆ ಮಗಳೇ. ಇನ್ನೂ ಮೊದಲೇ ಏಳಬೇಕಿತ್ತು. ಆಪ್, ಊರು, ತೂಕಡಿಕೆ, ಸುಳ್ಳು, ಎಲ್ಲವನ್ನೂ ಹೇಳಿದೆ. ರೊಟ್ಟಿ ಅಂಗಡಿಯವನು ಕೇಳಿದ: “ಜಲ್ಲೂಲ್ ಮಾವ, ನಿಮ್ಮ ಕಂಬಳೀಲಿ ಒಂದೆಳೆ ತಪ್ಪಿದ್ದು ನಾ ಕಾಣೆ. ಸ್ವಂತ ಊರು ಯಾವುದು ಅಂತ ಒತ್ತೋಕೆ ಬರಲಿಲ್ವಾ?” ಎಲ್ಲರೂ ನಕ್ಕರು, ಹಾಜಿ ನಗಲಿಲ್ಲ. “ಆಪ್ ತಪ್ಪು ಹೇಳ್ತು, ಮಗು ನಂಬ್ತು, ಅದು ಸರಿ. ನನ್ನ ಗಡಿಯಾರ ಕಿವಿಗಿಟ್ಕೊಂಡು ಸುಮ್ಮನಿದ್ದೆಯಲ್ಲೋ, ಅದು ಯಾವ ಆಪ್?” ಎಂದ.

ಅವನ ಕೆಲಸ ಉಳಿಯಿತು. ಇಮಾಮರು ಮಗುವಿನ ಉಪವಾಸಕ್ಕೆ ಕುಂದಿಲ್ಲ, ಮುದುಕನದ್ದೂ ಅಂದು ಬೇಗ ಉಂಡ ಕೇರಿಯವರದ್ದೂ ಬಾಕಿ, ಹಬ್ಬವಾದ ಮೇಲೆ ತೀರಿಸಲಿ ಎಂದರು. “ಪ್ರತಿ ವರ್ಷ ಬಾಕಿ ಉಪವಾಸ ಹಿಡಿಯೋರು ನಾವು ಹೆಂಗಸರು, ಈ ಸಲ ಜೊತೆಗೆ ಗಂಡಸರೂ ಸಿಕ್ಕಿದ್ರು” ಎಂದು ನಿನ್ನ ಅಮ್ಮ ಚುಚ್ಚುತ್ತಾಳೆ. ಚುಚ್ಚಲಿ. ನಿನ್ನೆ ಅವಳು ಹಾಜಿಗೆ ಸಾರು ಕಳಿಸಿದಳು. ಬಟ್ಟಲು ತೊಳೆದು ಬರಿದಾಗಿ ಬಂತು. ಇಷ್ಟು ವರ್ಷದಲ್ಲಿ ಆ ಮನೆಯಿಂದ ನಮ್ಮ ಬಟ್ಟಲು ಎರಡು ಆಲಿವ್ ಕಾಯಾದರೂ ಇಲ್ಲದೆ ಬಂದದ್ದಿಲ್ಲ. ಈಗ ಸಂಜೆ ಮೈಕ್ ಚಟಕ್ ಎಂದ ಮೇಲೆ, ಅವನ ದನಿ ಏಳುವ ಮೊದಲು, ಒಂದು ತಡೆ ಇರುತ್ತದೆ. ಗಡಿಯಾರವನ್ನು ಮತ್ತೊಮ್ಮೆ ನೋಡಿಕೊಳ್ಳುತ್ತಿರುತ್ತಾನೆ. ಆ ತಡೆ ಮೊದಲು ಇರಲಿಲ್ಲ, ಅದನ್ನು ಅಲ್ಲಿಟ್ಟವನು ನಾನು. ತುತ್ತು ಕೈಯಲ್ಲಿ ಹಿಡಿದು ಕೇಳಿಸಿಕೊಳ್ಳುತ್ತೇನೆ.

ಶಹಿನಾಜ್‌ಗೂ ಹೇಳಿದೆ. ಅವಳು ಮೊದಲು ಕೇಳಿದ್ದು ಮಿನಾರಿನ ದೀಪ ಆರಿಹೋಗುತ್ತದೆಯೇ ಎಂದು. ಇಲ್ಲ ಎಂದೆ. “ಹಾಗಾದ್ರೆ ಹಾಜಿ ತಾತ ನಿದ್ದೆ ಮಾಡಿರಲಿಲ್ವಾ?” ಇಲ್ಲಮ್ಮ. “ಮತ್ತೆ ಮಾಡಿದ್ದು ಯಾರು?” ನಾನು. ಅವಳು ಟ್ಯಾಬಿನ ಅಂಚನ್ನು ಉಗುರಿನಿಂದ ಕೆರೆದಳು. ಆಮೇಲೆ ಸಣ್ಣ ದನಿಯಲ್ಲಿ, “ಅಮ್ಮನ ಜೊತೆ ತಿಂದದ್ದಾದ್ರೂ ನಿಜಾನಾ?” ಎಂದಳು. ಅದು ನಿಜ ಎಂದೆ, ಅದೊಂದೇ ನಿಜ. ಅವಳು ಹಾಜಿಯ ಮನೆಗೆ ಒಬ್ಬಳೇ ಹೋಗಿ ಬಂದಳು. ಅಲ್ಲಿ ಏನು ನಡೆಯಿತೆಂದು ನನಗೆ ಹೇಳಲಿಲ್ಲ, ಕೇಳುವ ಮುಖ ನನಗೂ ಇಲ್ಲ.

ನೀನು ನನ್ನ ಕೈಗೆ ಕೊಟ್ಟದ್ದು ಟ್ಯಾಬ್ ಅಲ್ಲ, ಮಗಳನ್ನು. ಅವಳ ಮೊದಲ ಉಪವಾಸವನ್ನು ನಾನು ಹೀಗೆ ನೋಡಿಕೊಂಡೆ. ಬೈಯಬೇಕೆನಿಸಿದರೆ ಬೈದು ಬರೆ. ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಗುಣವಾಗಲಿ, ನಿನಗೆ ಒಳ್ಳೆಯ ನಿದ್ದೆ ಬರಲಿ. ಅಮ್ಮ ನಿನ್ನ ಕೆನ್ನೆಗೆ ಕೊಡುವ ಮುತ್ತುಗಳು ಮಸಾಲೆ ಡಬ್ಬಿಯಲ್ಲೇ ಇವೆಯಂತೆ.

ನಿನ್ನ ತಪ್ಪಿತಸ್ಥ ಅಪ್ಪ,
ಜಲ್ಲೂಲ್

ಮರೆತಿದ್ದೆ — ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಪತ್ರ ಒಯ್ಯುವ ಬಸ್ಸಿನವನು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ಇಪ್ಪತ್ತೇಳರ ಪವಿತ್ರ ಇರುಳಿಗೆ ಹಿಂದಿನ ಹಗಲು ಶಹಿನಾಜ್ ಮತ್ತೆ ಉಪವಾಸ ಇರುತ್ತಾಳಂತೆ, ಈ ಸಲ ಹಾಜಿಯ ಬಾಂಗಿಗೇ ಬಿಡಬೇಕಂತೆ. ಹಾಗಾದರೆ ಊರು ಬದಲಾಯಿಸೋಣ ಎಂದು ಟ್ಯಾಬಿಗೆ ಕೈ ಹಾಕಿದರೆ ಅದನ್ನು ಅವುಚಿಕೊಂಡು ಅತ್ತಳು, “ಬದಲಾಯಿಸಿದ್ರೆ ಅಮ್ಮನ್ನ ಬಿಟ್ಟು ತಿಂದ ಹಾಗೆ” ಎಂದು. ಆ ಅಳು ನಿಲ್ಲಿಸಲು ನಾನು, ಅಂದು ಅಮ್ಮ ಇಲ್ಲಿಗೇ ಬರುತ್ತಾಳೆ ಎಂದುಬಿಟ್ಟೆ. ನಿನ್ನನ್ನು ಒಂದು ಮಾತೂ ಕೇಳಲಿಲ್ಲ. ಅವಳು ಆಗಲೇ ಕಣ್ಣೊರೆಸಿಕೊಂಡು ತಾನೇ ತ್ಲೆಮ್ಸೆನ್ ಒತ್ತಿದಳು, ಬೀದಿಗೆಲ್ಲ ಹೇಳಿದಳು. ರಜೆ ಕೇಳು ಮಗಳೇ, ಕಾಲು ಹಿಡಿದಾದರೂ ಕೇಳು. ಇದೂ ಸುಳ್ಳಾದರೆ ಹೊರಿಸಲು ನನಗೆ ಇನ್ನೊಬ್ಬ ಹಾಜಿ ಇಲ್ಲ.