ಬಾಗಿಲ ಬಳಿಯ ಐದು ಚೀಲ

ಜೂನ್ ೪, ಮಧ್ಯಾಹ್ನ

ಫೀಡ್ ಫ್ಯಾಕ್ಟರಿಗೆ ಇವತ್ತಿನ ಮೂರನೇ ಲಾರಿ. ಮೆಕ್ಕೆಜೋಳ, ಇನ್ನೂರು ಚೀಲ. ಮೇಲೆ ಹತ್ತಿ, ಮೂಲೆ ಮೂಲೆಗೆ ಹೋಗಿ, ಐದು ಕಡೆ ಕೊಳವೆ ಚುಚ್ಚಿ ಕಾಳು ತೆಗೆದು ಬೆರೆಸಬೇಕು. ಬೂಷ್ಟಿನ ವಿಷ ಎಲ್ಲ ಚೀಲದಲ್ಲೂ ಒಂದೇ ಸಮ ಇರುವುದಿಲ್ಲ ಎಂದು ಹೊಸಬರಿಗೆ ಪಾಠ ಹೇಳುವ ಮಹಾನುಭಾವ ನಾನೇ. ಮಂಡಿ ನೋವು. ಹಸಿವು ಬೇರೆ. ಲಾರಿ ಬಾಗಿಲ ಬಳಿಯ ಐದು ಚೀಲಕ್ಕೇ ಚುಚ್ಚಿ ಇಳಿದೆ. ಫಾರಂನಲ್ಲಿ ‘ಐದು ಕಡೆ’ ಎಂದು ಬರೆದೆ. ಸುಳ್ಳೇನಲ್ಲವಲ್ಲ! ಟೆಸ್ಟ್ ಕ್ಲೀನ್. ಲಾರಿ ಪಾಸ್. ಊಟಕ್ಕೆ ಹೊರಟೆ.

ಜೂನ್ ೯

ತಂಗಿಯ ಫೋನ್. ಬಾತುಕೋಳಿ ಮರಿ ತಂದಿದ್ದಾಳೆ, ಮುನ್ನೂರು. ಫೀಡ್ ನಮ್ಮ ಫ್ಯಾಕ್ಟರಿಯದೇ. “ನಮ್ಮಣ್ಣ ಟೆಸ್ಟ್ ಮಾಡಿ ಕಳ್ಸೋದು, ಕಣ್ಮುಚ್ಚಿ ಹಾಕ್ಬಹುದು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದೀನಿ” ಎಂದಳು. ಉಬ್ಬಿಹೋದೆ.

ಜೂನ್ ೨೧, ಬೆಳಿಗ್ಗೆ

ಮತ್ತೆ ತಂಗಿಯ ಫೋನ್. ಮರಿಗಳು ಸಾಯುತ್ತಿವೆಯಂತೆ. ಕಾಲೆಳೆದುಕೊಂಡು ನಡೆಯುತ್ತವೆ, ಕತ್ತು ಹಿಂದಕ್ಕೆ ಬಾಗಿಸಿ ಬೀಳುತ್ತವೆ. ನೂರಹತ್ತು ಹೋದವು. ಡಾಕ್ಟರು ಒಂದನ್ನು ಕೊಯ್ದು ನೋಡಿ, ಲಿವರ್ ಕೆಟ್ಟಿದೆ, ಫೀಡಿನಲ್ಲಿ ಬೂಷ್ಟಿನ ವಿಷ ಇರಬೇಕು ಎಂದರಂತೆ. ಬಾತುಮರಿಗೆ ಅದು ಬಲು ಬೇಗ ತಾಗುತ್ತದೆ.

“ಚೀಲದ ಮೇಲಿನ ನಂಬರ್ ಓದು” ಎಂದೆ. ಅಳುತ್ತಲೇ ಓದಿದಳು. ರಿಜಿಸ್ಟರ್ ತೆಗೆದು ನೋಡಿದೆ. ಜೂನ್ ೪ರ ಅದೇ ಲಾರಿಯ ಜೋಳ.

“ಅದನ್ನ ಇನ್ನು ಹಾಕ್ಬೇಡ” ಎಂದೆ, ಅಷ್ಟೇ. ನನ್ನ ಧೈರ್ಯ ಅಲ್ಲಿಗೇ ಮುಗಿಯಿತು.

ಜೂನ್ ೨೩

ತಂಗಿ ಫ್ಯಾಕ್ಟರಿಗೆ ದೂರು ಕೊಟ್ಟಿದ್ದಳು. ಪ್ರತಿ ಲಾರಿಯ ಸ್ಯಾಂಪಲ್ ಒಂದು ಡಬ್ಬಿ ಕಪಾಟಿನಲ್ಲಿಟ್ಟಿರುತ್ತೇವೆ, ಇಂಥ ತಕರಾರಿಗೆಂದೇ. ಮ್ಯಾನೇಜರ್ ಅದನ್ನು ಮತ್ತೆ ಟೆಸ್ಟ್ ಮಾಡಿಸಿದರು. ಕ್ಲೀನ್. ಆಗದೇ ಇನ್ನೇನು... ಅದೂ ಬಾಗಿಲ ಬಳಿಯದೇ!

“ಫ್ಯಾಕ್ಟರಿ ಮಾನ ಉಳಿಸಿದ್ರಿ” ಎಂದು ಬೆನ್ನು ತಟ್ಟಿದರು. “ಅವ್ರೇ ಒದ್ದೆ ಜಾಗದಲ್ಲಿಟ್ಟು ಬೂಷ್ಟು ಹಿಡಿಸಿರ್ತಾರೆ. ಹಾಗೇ ಬರ್ದು ಕಳಿಸ್ತೀನಿ.”

ಹೂಂ ಎಂದೆ. ಹಲ್ಲು ಕಿರಿದೆ ಕೂಡ. ಥೂ, ನನ್ನ ಜನ್ಮಕ್ಕಿಷ್ಟು!

ಜುಲೈ ೧

ಎಂಟು ದಿನ ಬರೆಯಲು ಮುಖವಿರಲಿಲ್ಲ. ಇವತ್ತು ತಂಗಿಯ ಮನೆಗೆ ಹೋಗಿದ್ದೆ. ಶೆಡ್ ಖಾಲಿ, ಒಂದು ಮರಿಯೂ ಉಳಿದಿಲ್ಲ. ಮಂಡಿಯೂರಿ ನೆಲ ಉಜ್ಜುತ್ತಿದ್ದಳು. ಅವಳ ಅತ್ತೆ ಬಾಗಿಲಲ್ಲಿ ನಿಂತು, “ಚೀಲದ ಬಾಯಿ ಕಟ್ಟೋಕೂ ಬರಲ್ಲ ಇವಳಿಗೆ. ಫ್ಯಾಕ್ಟರಿಯವರೇ ಬರ್ದಿದಾರೆ ನೋಡಪ್ಪ” ಎಂದರು.

ತಂಗಿ ತಲೆ ಎತ್ತಲಿಲ್ಲ. “ನಂದೇ ತಪ್ಪಣ್ಣ. ಒಂದಿನ ಚೀಲ ತೆರೆದಿಟ್ಟಿದ್ದೆ. ಸುಮ್ನೆ ನಿನ್ನ ಹೆಸರಿಗೂ ಮಸಿ ಬಳಿದೆ” ಎಂದಳು.

ಮಾತು ಬಾಯಿತನಕ ಬಂದಿತ್ತು. ಅತ್ತೆ ಇದ್ದಾರಲ್ಲ ಎಂದು ನೆಪ ಮಾಡಿಕೊಂಡೆ. ಅವಳು ಬಡಿಸಿದ್ದನ್ನು ತಿಂದು, ಕೈ ತೊಳೆದು, ಎದ್ದು ಬಂದೆ.

ಜುಲೈ ೨, ಬೆಳಿಗ್ಗೆ ಹತ್ತು

ಮ್ಯಾನೇಜರಿಗೆ ಎಲ್ಲ ಬರೆದುಕೊಟ್ಟೆ. “ಡಬ್ಬಿ ಕ್ಲೀನ್ ಇದೆಯಲ್ರೀ, ನಿಮ್ಗೇನು ಹುಚ್ಚಾ? ಹರಿದು ಹಾಕಿ” ಎಂದರು. ಹರಿಯಲಿಲ್ಲ. ಅವರ ಮೇಜಿನ ಮೇಲೆಯೇ ಬಿಟ್ಟು ಬಂದೆ.

ಹನ್ನೊಂದು

ತಂಗಿಗೂ ಫೋನ್ ಮಾಡಿ ಹೇಳಿದೆ. ಮಂಡಿ ನೋವು, ಹಸಿವು, ಬಾಗಿಲು, ಎಲ್ಲ. ಬೈಯಲಿ, ಶಾಪ ಹಾಕಲಿ ಎಂದು ಕಾದೆ. ಅಣ್ಣ ಎಂದೂ ಕರೆಯಲಿಲ್ಲ.

“ಆ ನಂಬರಿನ ಚೀಲ ಇನ್ನೂ ಯಾರ್ಯಾರ ಮನೇಲಿದೆ?” ಎಂದು ಕೇಳಿದಳು. ಫೋನ್ ಇಟ್ಟಳು.

ಆ ನಂಬರಿನ ಚೀಲ ಹೋಗಿದ್ದು ನಲವತ್ತೊಂದು ಮನೆಗೆ. ಹನ್ನೊಂದು ದಿನದಿಂದ ನನಗೆ ಗೊತ್ತಿದೆ, ಅವರಿಗೆ ಗೊತ್ತಿಲ್ಲ. ನನ್ನ ಮಾನದ ಚಿಂತೆಯಲ್ಲಿ ಅವರ ನೆನಪೇ ಬರಲಿಲ್ಲ ನನಗೆ! ರಿಜಿಸ್ಟರ್ ಮುಂದಿಟ್ಟುಕೊಂಡು ಮೊದಲ ಮನೆಗೆ ಫೋನ್ ಮಾಡಿದೆ. ಒಬ್ಬಾಕೆ ಎತ್ತಿದರು. “ಒಂದ್ನಿಮಿಷ ಇರಿ, ಮರಿಗಳಿಗೆ ಫೀಡ್ ಹಾಕಿ ಬಂದ್ಬಿಡ್ತೀನಿ” ಎಂದು ಫೋನ್ ಪಕ್ಕಕ್ಕಿಟ್ಟರು. ಕೂಗಿದೆ. ಕೇಳಿಸಲಿಲ್ಲ. ಮತ್ತೆ ಕೂಗಿದೆ. ಮರಿಗಳೆಲ್ಲ ಓಡಿಬರುವ ಸದ್ದು —