ಹಳೇ ಕಲೆಯೋ, ಇವತ್ತಿನ ಸೋರಿಕೆಯೋ

ಗಚ್ಚಿಯ ಮೇಲೇ ಅರ್ಧ ಆಯುಷ್ಯ ಕಳೆದ ನನ್ನ ಅಪ್ಪನಿಗೆ,

ನಾವು ದುಡಿಯಲು ಬಂದ ಈ ಮರಾಠಿ ಊರಿನಲ್ಲಿ, ಹಡಪಸರದ ಆ ಏಳು ಮಹಡಿಯ ಕಟ್ಟಡ ನೆನಪಿದೆಯಾ? ನನಗಾಗ ಹತ್ತು ವರ್ಷ, ಶಾಲೆಗೆ ರಜೆ ಬಂದರೆ ನಿನ್ನ ಬಾಲ. ಮೇಲಿನ ಮನೆಯೊಂದರ ಚಾವಣಿಯಲ್ಲಿ ಒದ್ದೆ ಕಲೆ ಮೂಡಿತ್ತು. ಗಾರೆ ಕೆಲಸದ ಬೇರೆ ಗೌಂಡಿಯಾಗಿದ್ದರೆ ಅದರ ಮೇಲೆ ಬಣ್ಣ ಬಳಿದು ಕೈ ತೊಳೆದುಕೊಳ್ಳುತ್ತಿದ್ದ. ನೀನು ಕಟ್ಟಡದ ಮೇಲಿನ ಗಚ್ಚಿಗೆ ಹತ್ತಿ, ಕೊಳವೆಗಳ ಬಾಯಿ ಮುಚ್ಚಿ, ತುಂಬ ನೀರು ನಿಲ್ಲಿಸಿ, ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಕಲಸಿದೆ. “ಕಲಿ ಹಳೇದೂ ಇರಬಹುದು ಯವ್ವಾ. ಈಗ ಸೋರ್ತದೋ ಇಲ್ಲೋ, ಅದನ್ನ ನೀರೇ ಹೇಳ್ತದ” ಎಂದೆ. ನಾನು ಕೆಳಗೆ ಓಡಿ ನೋಡಿಬಂದು “ಏನೂ ಇಲ್ಲಪ್ಪಾ” ಎಂದಾಗ ನೀನು ನಕ್ಕೆ. “ನೀರಿಗೆ ಟೈಮ್ ಕೊಡು. ಅವಸರ ಮಾಡಿದವರಿಗೆ ಅದು ಸುಳ್ಳ ಹೇಳ್ತದ.” ಊಟ ಮುಗಿಸಿ ಹೋಗಿ ನೋಡಿದರೆ ಚಾವಣಿಯ ಇನ್ನೊಂದು ಮೂಲೆಯಲ್ಲಿ ನೀಲಿ ಹನಿ!

ಸ್ಕ್ಯಾನಿಂಗ್ ಕೋರ್ಸಿಗೆ ಸೇರಿಸಲು ಇಲ್ಲಿನ ಶಿವಾಜಿನಗರದ ಕಾಲೇಜಿಗೆ ಬಂದ ದಿನ ನೀನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ. ಉಗುರಿನ ಡಾಂಬರು ಮಾತ್ರ ಹೋಗಿರಲಿಲ್ಲ. ಫಾರ್ಮಿನಲ್ಲಿ ತಂದೆಯ ಉದ್ಯೋಗ ಎಂದಿದ್ದಲ್ಲಿ ನಾನು ‘ಕಾಂಟ್ರಾಕ್ಟರ್’ ಎಂದು ಬರೆದೆ. ಓದಲು ಬಾರದ ನೀನು ನಾನೇ ಕಲಿಸಿದ್ದ ಸಹಿಯನ್ನು ಅದರ ಕೆಳಗೆ ನಿಧಾನವಾಗಿ ಹಾಕುತ್ತ, “ಏನ್ ಬರದಿ?” ಎಂದು ಕೇಳಿದೆ. “ನಿನ್ನ ಕೆಲಸ” ಎಂದೆ ನಾನು. ಆಮೇಲೆ ಎಷ್ಟು ಸಲ ನಿಜ ಹೇಳಬೇಕೆಂದುಕೊಂಡೆ, ಆದರೆ…

ನಿನಗೆ ಲಕ್ವಾ ಹೊಡೆದಾಗ ನಾನಿನ್ನೂ ಎರಡನೇ ವರ್ಷದಲ್ಲಿದ್ದೆ. ಮಿದುಳು ಬಾತಿದೆ ಎಂದರು ಡಾಕ್ಟರು. ಯಾಕೆಂದು ಆಮೇಲೆ ಕಲಿತೆ. ಮಿದುಳಿನ ರಕ್ತನಾಳಗಳಿಗೆ ಬಿಗಿಯಾದ ಒಳಗೋಡೆಯೊಂದಿದೆ, ರಕ್ತದಲ್ಲಿ ಹರಿಯುವುದನ್ನೆಲ್ಲ ಮಿದುಳಿಗೆ ಬಿಡದ ಗೋಡೆ. ಲಕ್ವಾದಲ್ಲಿ ಅದು ಸಡಿಲಾಗಿ ನೀರು ಒಳಕ್ಕೆ ಇಳಿಯುತ್ತದೆ. ಇನ್ನೂ ಹಲವು ಕಾಯಿಲೆಗಳಲ್ಲಿ ಈ ಗೋಡೆಯೇ ಕೈಕೊಡುತ್ತದೆ. ಮರೆವಿನ ಕಾಯಿಲೆಯಲ್ಲಿ ಅದರ ಪಾಲೆಷ್ಟು ಎಂದು ಹುಡುಕುತ್ತಲೇ ಇದ್ದಾರೆ. ಊರವರ ಸೋರಿಕೆಯನ್ನೆಲ್ಲ ನಿಲ್ಲಿಸಿದವನ ತಲೆಯೊಳಗೇ… ಬಿಡು, ನೀನು ಹೋದ ದಿನವನ್ನು ಬರೆಯಲು ಈಗಲೂ ಆಗುವುದಿಲ್ಲ.

ಹೋದ ವರ್ಷ, ನಾನೀಗ ಸ್ಕ್ಯಾನಿಂಗ್ ಮಾಡುವ ಆಸ್ಪತ್ರೆಗೆ ಹಿಂಜವಾಡಿಯಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗಿಯೊಬ್ಬಳು ಬಂದಳು. ನಾನು ಕನ್ನಡದವಳೆಂದು ಗೊತ್ತಾದದ್ದೇ ತಡ, ಕೈ ಹಿಡಿದಳು. “ಮತ್ತೆ ಕಾಲು ಜೋಮು ಹಿಡೀತಿದೆ ಮೇಡಂ. ಮನೇಲಿ ಎಲ್ರೂ ಬರೀ ಟೆನ್ಷನ್ ಅಂತಾರೆ. ನಂಗೂ ಹಾಗೇ ಇರ್ಬಹುದಾ ಅನ್ಸತ್ತೆ.” ಅವಳದು ಮೈಯ ಕಾವಲು ಕಣಗಳೇ ಆ ಗೋಡೆ ದಾಟಿ ನರಗಳ ಹೊದಿಕೆಯನ್ನು ತಿನ್ನುವ ಕಾಯಿಲೆ. ಹಳೆಯ ಕಲೆಗಳು ಮಿದುಳಿನಲ್ಲಿದ್ದವು. ಈಗಲೂ ಸೋರುತ್ತಿದೆಯೇ? ಸೋರುತ್ತಿದ್ದರೆ ಔಷಧ ಬದಲಿಸಬೇಕು, ಬದಲಿಸದಿದ್ದರೆ ಕಾಲಿನ ಶಕ್ತಿಯೇ ಹೋಗಬಹುದು. ಅದನ್ನು ತಿಳಿಯಲು ಒಂದು ಚುಚ್ಚುಮದ್ದಿದೆ. ಗೋಡೆ ಗಟ್ಟಿಯಿದ್ದರೆ ಅದು ರಕ್ತನಾಳದಲ್ಲೇ ಉಳಿಯುತ್ತದೆ, ಸೋರುತ್ತಿದ್ದರೆ ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ನಿನ್ನ ನೀಲಿಯೇ ಅಪ್ಪಾ!

ಚುಚ್ಚುಮದ್ದು ಕೊಟ್ಟ ಕೂಡಲೇ ತೆಗೆದ ಚಿತ್ರದಲ್ಲಿ ಏನೂ ಇರಲಿಲ್ಲ. ಹೊರಗೆ ರೋಗಿಗಳ ಸಾಲು. ನನ್ನ ಜೊತೆ ಕೆಲಸದಲ್ಲಿದ್ದವನು “ಝಾಲಂ, ಮುಗೀತು” ಎಂದು ಅವಳನ್ನು ಯಂತ್ರದಿಂದ ಇಳಿಸಲು ಹೊರಟ. ನನ್ನ ಕಿವಿಯಲ್ಲಿ ನೀನು. ವಿಭಾಗದ ದೊಡ್ಡ ಡಾಕ್ಟರ್ ಮೇಡಂಗೆ ಫೋನು ಮಾಡಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ತೆಗೆಯಲು ಒಪ್ಪಿಗೆ ಕೇಳಿದೆ. ಪುಸ್ತಕದಲ್ಲೂ ಇರುವ ಮಾತೇ ಅದು, ಗಡಿಬಿಡಿಯಲ್ಲಿ ಯಾರು ಕಾಯುತ್ತಾರೆ? ಕಾದೆವು. ಎರಡನೇ ಚಿತ್ರದಲ್ಲಿ ಎಳ್ಳುಕಾಳಿನಷ್ಟು ಬಿಳಿ ಚುಕ್ಕಿ ಮೂಡಿತ್ತು.

ಮರುದಿನ ವಿಭಾಗದ ಡಾಕ್ಟರುಗಳೆಲ್ಲ ಸೇರಿದ್ದಾಗ ಮೇಡಂ ಆ ಚುಕ್ಕಿ ತೋರಿಸಿ, “ಹೇ ತುಲಾ ಕೋಣೀ ಶಿಕವ್ಲಂ?” ಎಂದರು, ಇದನ್ನು ನಿನಗೆ ಯಾರು ಕಲಿಸಿದರು ಎಂದು. ಕಾಲೇಜಿನ ಹೆಸರು ಹೇಳಿದ್ದರೆ ಸಾಕಿತ್ತು. ಆ ಫಾರ್ಮು ಕಣ್ಣೆದುರು ಬಂತು. ನಮ್ಮಪ್ಪ ಕಲಿಸಿದರು, ಅವರು ಗೌಂಡಿ, ಗಚ್ಚಿ ಸೋರುವುದನ್ನು ನಿಲ್ಲಿಸುತ್ತಿದ್ದರು ಎಂದೆ. ಅಷ್ಟೂ ಡಾಕ್ಟರುಗಳಿಗೆ ನಿನ್ನ ನೀಲಿ ನೀರಿನ ಕಥೆ ಹೇಳಿದೆ. ಹೇಳುವಾಗ ಎದೆ ಎಷ್ಟು ಉಬ್ಬಿತ್ತು ಗೊತ್ತಾ?

ಆ ಹುಡುಗಿಯ ಔಷಧ ಬದಲಾಯಿತು. ಹೋದ ವಾರ ತಪಾಸಣೆಗೆ ಬಂದವಳು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಬಂದಳು. ಈಗ ನಮ್ಮಲ್ಲಿ ಅಂಥವರು ಬಂದರೆ ಎಲ್ಲರೂ ಹತ್ತು ನಿಮಿಷ ಕಾಯುತ್ತಾರೆ. ಮೊನ್ನೆ ಹೊಸದಾಗಿ ಸೇರಿದವಳೊಬ್ಬಳು ಯಾಕೆ ಕಾಯಬೇಕೆಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಮೇಡಂ ಹೇಳಿದರು, ಇದು ಗೌಂಡಿ ಕಾಕಾನ ಪದ್ಧತಿ ಎಂದು. ಅಪ್ಪಾ, ಇಲ್ಲಿ ಎಲ್ಲರೂ ನಿನ್ನನ್ನು ಹಾಗೇ ಕರೆಯುತ್ತಾರೆ. ಕಾಂಟ್ರಾಕ್ಟರ್ ಅಂತ ಯಾರೂ ಅನ್ನುವುದಿಲ್ಲ.

ಗೌಂಡಿಯ ಮಗಳು