ಯಾವ ಇಂದು?

ಮೂಳೆಗಳ ವಯಸ್ಸು ಅಳೆಯುವ ಪ್ರಯೋಗಾಲಯದ ಮುಖ್ಯಸ್ಥರಿಗೆ,

ನಮಸ್ಕಾರ. ಕಲ್ಲುಗಣಿಯಲ್ಲಿ ಸಿಕ್ಕಿದ ಮೂಳೆಗಳ ಬಗ್ಗೆ ನೀವು ಕಳಿಸಿದ ವರದಿ ತಲುಪಿತು. ಆ ಗಣಿಗೆ ಕೆಲಸಕ್ಕೆಂದು ಹೋದ ನಮ್ಮಪ್ಪ ಮನೆಗೆ ಮರಳಲೇ ಇಲ್ಲ. ಆಗ ನಾನಿನ್ನೂ ತೊಟ್ಟಿಲ ಕೂಸು. ಮೂಳೆ ಸಿಕ್ಕಿದ ಸುದ್ದಿ ಬಂದ ದಿನವೇ ಅಮ್ಮ ಅವು ಅಪ್ಪನವೇ ಎಂದು ನಂಬಿ, ಗೂಟದಲ್ಲಿ ತೂಗುತ್ತಿದ್ದ ಅವರ ಕೋಟನ್ನು ಮಡಚಿಟ್ಟು, ಮನಸಾರೆ ಅತ್ತಳು.

ವರದಿಯಲ್ಲಿ ‘ಇಂದಿಗೆ ನಾನೂರು ವರ್ಷ ಹಿಂದಿನವು, ನಲವತ್ತು ವರ್ಷ ಹೆಚ್ಚುಕಡಿಮೆ’ ಎಂದಿದೆ. ತಲೆಬುಡ ಅರ್ಥವಾಗದೆ ಫೋನ್ ಮಾಡಿದೆ. ನಿಮ್ಮ ಸಹಾಯಕಿ, “ನಮ್ಮ ಲೆಕ್ಕದಲ್ಲಿ ಇಂದು ಅಂದ್ರೆ ಸಾವಿರದ ಒಂಬೈನೂರ ಐವತ್ತನೇ ಇಸವಿ. ಮೂಳೆಯಲ್ಲಿ ಉಳಿದಿರೋ ವಿಕಿರಣ ಇಂಗಾಲ ಅಳೆದು ಆ ಇಸವಿಯಿಂದ ಹಿಂದಕ್ಕೆ ಎಣಿಸ್ತೀವಿ” ಎಂದರು. ನಿಮ್ಮ ಆ ‘ಇಂದಿಗೆ’ ನಮ್ಮಪ್ಪ ಇನ್ನೂ ಹುಟ್ಟೇ ಇರಲಿಲ್ಲ.

“ಹಾಗಾದ್ರೆ ಇವರು ನಮ್ಮಪ್ಪ ಅಲ್ವಾ?” ಎಂದು ಕೇಳಿದೆ.

“ಅಲ್ಲಮ್ಮ, ಖಂಡಿತ ಅಲ್ಲ,” ಎಂದರು.

ಸಮಾಧಾನಪಡಬೇಕೋ ಸಂಕಟಪಡಬೇಕೋ ತಿಳಿಯದೆ, ಅಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು, “ಆ ಪುಣ್ಯಾತ್ಮನಿಗೆ ಈಗ ಯಾರಿದ್ದಾರೆ?” ಎಂದಳು. “ಇಷ್ಟು ದಿನ ನಾನು ಅತ್ತಿದ್ದು ಅವನಿಗೇ ಅಲ್ವಾ? ಮಣ್ಣು ಮಾಡೋಕೆ ನಾವೇ ಕೇಳೋಣ,” ಎಂದು ಮಾತು ಮುಗಿಸಿದಳು.

ಆದ್ದರಿಂದ ಪರೀಕ್ಷೆಗಳು ಮುಗಿದ ಮೇಲೆ ಮೂಳೆಗಳನ್ನು ನಮಗೆ ಕೊಡಲು ಸಾಧ್ಯವೇ, ದಯವಿಟ್ಟು ತಿಳಿಸಿ. ಅರ್ಜಿಯಲ್ಲಿ ‘ಸಂಬಂಧ’ ಎಂಬಲ್ಲಿ ಏನು ಬರೆಯಬೇಕೆಂಬುದನ್ನೂ ತಿಳಿಸಿ.

ಇತಿ,
ಗಣಿ ಕೆಲಸಗಾರನ ಮಗಳು